ಬೇಲೂರು ದಾಟುವಷ್ಟರಲ್ಲಿ

ಬೆಳಗ್ಗೆ ಏಳಕ್ಕೆ ಹಾಸನದ ಯಂತ್ರದಲ್ಲಿ ಮಲಗಿದೆ.
ಕಿವಿಗೆ ಹತ್ತಿ. ಮೂಗುತಿ ಬಿಚ್ಚಿ ಕಾಗದದ ಪೊಟ್ಟಣದಲ್ಲಿ.
ದಿನಾ ಬೇರೆಯವರಿಗೆ ಹೇಳುವ ಮಾತು
ಇವತ್ತು ನನಗೆ ನಾನೇ:
ಅಲ್ಲಾಡಬೇಡಿ.

ತಾಳೆ ನೋಡಬೇಕಿತ್ತು.
ಎರಡು ಊರು, ಎರಡು ಕಂಪನಿ, ಎರಡು ಅಯಸ್ಕಾಂತ;
ನಡುವೆ ಹೋಗಿಬರಲು ಒಂದು ತಲೆ ಬೇಕು ಅಂದರು ಡಾಕ್ಟರು.
ನನ್ನದು ಖಾಲಿ ಇತ್ತು.

ಎಂಟೂವರೆಯ ಬಸ್ಸು, ಕಿಟಕಿ ಪಕ್ಕ.
ಹಗರೆಯಲ್ಲಿ ಯಾರೋ ಆಲೂಗಡ್ಡೆ ಮೂಟೆ ಹತ್ತಿಸಿದರು,
ಮೂವತ್ತು ಕೆಜಿ ಅಂತ ಕಂಡಕ್ಟರು, ಇಪ್ಪತ್ತೈದು ಅಂತ ಮೂಟೆಯವನು.
ಬೇಲೂರಲ್ಲಿ ಹತ್ತು ನಿಮಿಷ ನಿಂತಿತು, ನಾನು ಇಳಿಯಲಿಲ್ಲ;
ಹೆಪ್ಪು ಹಾಕಿದ ಮೊಸರಿನ ಗಡಿಗೆಯ ಹಾಗೆ
ತಲೆಯನ್ನು ಜೋಪಾನ ಮಾಡಿಕೊಂಡು ಕೂತೆ.

ಹನ್ನೊಂದಕ್ಕೆ ಚಿಕ್ಕಮಗಳೂರು. ಮತ್ತೆ ಹತ್ತಿ.
ಹಾಸನದ್ದು ಕುಟ್ಟುತ್ತದೆ, ಇದು ಕೊರೆಯುತ್ತದೆ,
ಅಷ್ಟೇ ವ್ಯತ್ಯಾಸ ಅಂದುಕೊಂಡೆ.

ನೆನಪು ಕೂಡಿಡುವ ಜಾಗ, ಕಡಲಕುದುರೆಯ ಆಕಾರ,
ಅಲ್ಲಿ ಮೂರು ಪಾಯಿಂಟ್ ನಾಲ್ಕು ಎರಡು,
ಇಲ್ಲಿ ಮೂರು ಪಾಯಿಂಟ್ ಎರಡು ನಾಲ್ಕು.
ಪುಸ್ತಕದ ಲೆಕ್ಕ ಹಿಡಿದರೆ
ನಾಲ್ಕೈದು ವರ್ಷದ ಮುಪ್ಪು, ಒಂದು ಟಿಕೆಟ್ಟಿಗೆ.
ವಾಪಸು ಬರುವಾಗ ಅಷ್ಟೇ ಪ್ರಾಯ ಬಂತೆನ್ನಿ.

ನಕ್ಕು ಮರೆಯಬಹುದಿತ್ತು,
ಗುರುವಾರ ಧರಣೇಂದ್ರಯ್ಯನವರು ಬರದಿದ್ದರೆ.

ತೂಕ ಮತ್ತು ಅಳತೆ ಇಲಾಖೆ, ನಿವೃತ್ತ.
ಅವರ ಜೀಪು ಕಂಡರೆ ಸಂತೆಯ ತಕ್ಕಡಿಗಳು
ತಾವೇ ನೆಟ್ಟಗಾಗುತ್ತಿದ್ದವಂತೆ.
ಕಲ್ಲನ್ನು ಬೋರಲು ಹಾಕಿ, ಸೀಸದ ಮೇಲೆ ಉಗುರಾಡಿಸಿ
ಮುದ್ರೆ ಬಿದ್ದ ವರ್ಷ ಓದುತ್ತಿದ್ದರಂತೆ.
ಮಗಳು ಹೇಳಿದಳು, ಎರಡು ರಿಪೋರ್ಟು ಹರವಿ:
ಹೋದ ವರ್ಷ ಇಲ್ಲಿ, ಎರಡು ಪಾಯಿಂಟ್ ಎಂಟು ಒಂದು;
ಈ ವರ್ಷ ಚಿಕ್ಕಮಗಳೂರಲ್ಲಿ, ಎರಡು ಪಾಯಿಂಟ್ ಆರು.
ಇಷ್ಟು ಬೇಗ ಕರಗುತ್ತಾ?

ಅವರು ಗಾಜಿನಾಚೆ ಯಂತ್ರ ನೋಡುತ್ತಿದ್ದರು.
“ಇದಕ್ಕೆ ಮುದ್ರೆ ಹಾಕಿದ್ದು ಯಾವ ವರ್ಷ, ತಾಯಿ?”

ಮುದ್ರೆ ಇಲ್ಲ ಸಾರ್, ವಾರಕ್ಕೊಂದು ಸಲ
ನೀರು ತುಂಬಿದ ಡಬ್ಬಿ ಮಲಗಿಸಿ ನೋಡ್ತೀವಿ.

“ಕಲ್ಲು ತಪ್ಪಲಿ. ಎಷ್ಟು ತಪ್ಪುತ್ತೆ ಅಂತ
ಅಂಗಡಿಯವನಿಗೆ ಗೊತ್ತಿರಬೇಕು.”

ಎದ್ದು ಕಾಲಿಗೆ ಬೀಳೋಣ ಅನ್ನಿಸಿತು.

ಮಗಳಿಗೆ ಹೇಳಿದೆ: ಯಂತ್ರ ಬದಲಾಗಿದೆ,
ಅಷ್ಟೂ ಅಪ್ಪನ ಖಾತೆಗೆ ಬರೆಯಬೇಡಿ.
ಯಂತ್ರದ್ದೆಷ್ಟು, ಅಪ್ಪನದೆಷ್ಟು? ಅಂದಳು.
ನನ್ನ ಹದಿನೆಂಟು ಕಳೆದರೆ ಅವರದು ಉಳಿಯುವುದು ಮೂರು.
ಬಾಯಿಗೆ ಬಂದಿತ್ತು, ನುಂಗಿದೆ.
ನನ್ನದು ಒಂದೇ ತಲೆ, ಮೂವತ್ತನಾಲ್ಕರದು,
ಎಪ್ಪತ್ತೆಂಟರ ತಲೆಗೆ ಅದೇ ಕಳೆಯುವ ಲೆಕ್ಕ
ನಡೆಯುತ್ತದೆಂದು ಯಾರು ಹೇಳಿದರು?
ಇನ್ನೂ ಹತ್ತು ಜನ, ಮುದುಕರೂ, ಆ ಬಸ್ಸು ಹತ್ತಬೇಕು.
ಗೊತ್ತಿಲ್ಲಮ್ಮ, ಅಂದೆ. ಮುಂದಿನ ವರ್ಷ
ಇದೇ ಯಂತ್ರಕ್ಕೆ ಕರೆದುಕೊಂಡು ಬನ್ನಿ.

“ಇದಕ್ಕೆ ಮುದ್ರೆ ಹಾಕಿದ್ದು ಯಾವ ವರ್ಷ, ತಾಯಿ?”

ಮಗಳು ನನ್ನ ಮುಖ ನೋಡಲಿಲ್ಲ.
ಮತ್ತೆ ನೀರಿನ ಡಬ್ಬಿಯ ಕಥೆ ಹೇಳಿದೆ.

ಬಾಗಿಲ ಹತ್ತಿರ, ಚಪ್ಪಲಿ ಮೆಟ್ಟುತ್ತಾ, ಮೂರನೆಯ ಸಲ:
ಅದೇ ಮಾತು, ಅದೇ ದನಿ,
ತಾಯಿ ಅನ್ನುವ ಮೊದಲು ಅದೇ ಒಂದು ಉಸಿರಿನ ತಡೆ.
ಕೂದಲೆಳೆಯ ಹೆಚ್ಚುಕಮ್ಮಿ ಇಲ್ಲ.
ಇಷ್ಟು ತಪ್ಪದೆ ಮರುಕಳಿಸುವ ಅಳತೆಯನ್ನು
ಯಾವ ಊರಿನ ಯಂತ್ರದಲ್ಲೂ ನಾನು ಕಂಡಿಲ್ಲ.

ಈ ವರ್ಷವೇ ಸಾರ್, ಅಂದುಬಿಟ್ಟೆ.
ಸುಳ್ಳು ಮುದ್ರೆ.
ತಲೆಯಾಡಿಸಿ ಹೋದರು.

ಸಂಜೆ ಬಾಗಿಲು ಹಾಕಿ, ಕೋಟಿನ ಜೇಬಲ್ಲಿ ಕೀಲಿಗೆ ಕೈಯಾಡಿಸಿದರೆ
ಕಾಗದದ ಪೊಟ್ಟಣ.
ಮೂರು ದಿನವಾಗಿತ್ತು.